ಬಲಗೆನ್ನೆಯ ಫೋಟೋಗಳು

ನಾನು ಕೂತಲ್ಲಿ ಕೂರುವವಳಲ್ಲ. ರೋಗಿಯ ಬಾಯಿಯೊಳಗೆ ಇದ್ದಷ್ಟು ಹೊತ್ತು ಮಾತ್ರ ನನ್ನ ಕೈ ನೆಟ್ಟಗಿರುತ್ತದೆ. ಹೊರಗೆ ಬಂದದ್ದೇ ತಡ, ಮೇಜಿನ ಮೇಲಿರುವುದನ್ನೆಲ್ಲ ಆ ಕಡೆ ಈ ಕಡೆ ಸರಿಸುತ್ತೇನೆ, ಕಿಟಕಿ ತೆಗೆಯುತ್ತೇನೆ, ಮತ್ತೆ ಮುಚ್ಚುತ್ತೇನೆ, ಕ್ಲಿನಿಕ್ಕಿನ ಬಾಗಿಲಿಗೆ ಹೋಗಿ ಸುಮ್ಮನೆ ರಸ್ತೆ ನೋಡಿ ಬರುತ್ತೇನೆ. ಹಲ್ಲಿನ ಡಾಕ್ಟರಿಗೆ ಇದು ಶೋಭಿಸುವ ಗುಣವಲ್ಲ ಎಂದು ನನಗೂ ಗೊತ್ತು. ನನ್ನ ಕಾಲಲ್ಲಿ ಚಕ್ರ ಇದೆ ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಾಳೆ.

ಆ ವರ್ಷ ಯುಗಾದಿ ಆದ ಮೇಲೆ ಈ ಚಡಪಡಿಕೆಯೆಲ್ಲ ಒಂದೇ ಕಡೆ ಹೋಗಿ ಸೇರಿಕೊಂಡಿತು. ಕ್ಯಾಮೆರಾಕ್ಕೆ ಯಾವ ಲೆನ್ಸು ಕೊಳ್ಳಬೇಕು? ಊಟದ ತಟ್ಟೆಯ ಪಕ್ಕದಲ್ಲಿ ಫೋನು, ಫೋನಿನಲ್ಲಿ ಯಾವನೋ ಗಡ್ಡದವನು ಲೆನ್ಸನ್ನು ತಿರುಗಿಸಿ ತಿರುಗಿಸಿ ತೋರಿಸುತ್ತಿರುವುದು. ಒಬ್ಬ ಚಲೋ ಅಂದದ್ದನ್ನು ಇನ್ನೊಬ್ಬ ದಂಡ ಅನ್ನುತ್ತಿದ್ದ. ಇಬ್ಬರನ್ನೂ ನಂಬಿ ನಾನು ಇನ್ನಷ್ಟು ತಲೆ ಕೆಡಿಸಿಕೊಳ್ಳುತ್ತಿದ್ದೆ. ನನಗೆ ಫೋಟೋದ ಹುಚ್ಚು ಹಿಡಿಯಿತು ಎಂದು ಅವ್ವ ಅಂದುಕೊಂಡಳು. ಹಿಡಿದದ್ದು ಹೆದರಿಕೆ ಎಂದು ಅವಳಿಗೆ ಹೇಳುವ ಧೈರ್ಯ ನನಗಿರಲಿಲ್ಲ.

ಕಾರಣ ಕಾಕಾ. ಅಪ್ಪನ ತಮ್ಮ. ಅಪ್ಪ ಬೇಗ ತೀರಿಕೊಂಡಾಗ ಹೆಬ್ಬಳ್ಳಿಯ ಹೊಲವನ್ನು ಬೇರೆಯವರಿಗೆ ಗೇಣಿಗೆ ಕೊಟ್ಟು, ಹುಬ್ಬಳ್ಳಿಗೆ ಬಂದು ನನ್ನನ್ನು ಓದಿಸಿದವನು. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಅಂತ ಕೇಳಿದರೆ ಇವತ್ತಿಗೂ ಸಿಟ್ಟಿಗೇಳುತ್ತಾನೆ. ಹಳೇ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಅವ್ವ, ನಾನು, ಅವನು, ಮೂವರೇ. ಅಮರಗೋಳದ ಮಾರ್ಕೆಟ್ ಯಾರ್ಡಿನ ಒಂದು ದಲಾಲಿ ಅಂಗಡಿಗೆ ಉಳ್ಳಾಗಡ್ಡಿ ಹರಾಜಿನ ಸವಾಲು ಕೂಗುವುದು ಅವನ ಕೆಲಸವಾಗಿತ್ತು. ರಾಶಿಯ ಮುಂದೆ ನಿಂತು, ಕೊಳ್ಳುವವರ ಹುಬ್ಬು, ಬೆರಳು, ಗಂಟಲಿನ ಅಲುಗಾಟ ಕೂಡ ಗಮನಿಸುತ್ತ ದರ ಏರಿಸಿಕೊಂಡು ಹೋಗಬೇಕು. ನಡುವೆ ದನಿ ಬಿತ್ತೆಂದರೆ ದರವೂ ಬಿತ್ತು. ಆ ರೂಢಿಗೆ ಮನೆಯಲ್ಲಿ ಅವನು ಚಹಾ ಕೇಳಿದರೂ ಓಣಿಯ ಕೊನೆಯ ಮನೆಗೆ ಕೇಳಿಸುತ್ತಿತ್ತು.

ಅವನು ದವಡೆ ಹಲ್ಲು ನೋವೆಂದು ಬೈರಿದೇವರಕೊಪ್ಪದ ನನ್ನ ಕ್ಲಿನಿಕ್ಕಿಗೆ ಬಂದಾಗ ಆ ಮಚ್ಚೆ ಕಂಡಿತು. ಬಲಗೆನ್ನೆಯ ಒಳಗೆ, ಕೆಳಸಾಲಿನ ಹಲ್ಲುಗಳಿಗೆ ಎದುರಾಗಿ, ತೊಗರಿಬೇಳೆಗಿಂತ ತುಸು ದೊಡ್ಡದಾದ ಬಿಳಿ ಮಚ್ಚೆ. ಹತ್ತಿಯಿಂದ ಒರೆಸಿದೆ, ಹೋಗಲಿಲ್ಲ. ಮತ್ತೆ ಒರೆಸಿದೆ. ತಂಬಾಕಿಗೆ ಸುಣ್ಣ ಹಾಕಿ ಅಂಗೈಯಲ್ಲಿ ತಿಕ್ಕಿ ಅವನು ಇಟ್ಟುಕೊಳ್ಳುತ್ತಿದ್ದ ಜಾಗ ಅದೇ. ಉಳಿದ ಬಾಯಿಯನ್ನೆಲ್ಲ ನೋಡಿದೆ. ಎಡಗೆನ್ನೆ, ನಾಲಿಗೆಯ ಅಡಿ, ಅಂಗುಳು ಎಲ್ಲ ಸ್ವಚ್ಛವಾಗಿದ್ದವು. ಇಂಥ ಮಚ್ಚೆಗಳಲ್ಲಿ ಎಷ್ಟೋ, ತಂಬಾಕು ಬಿಟ್ಟರೆ ತಾವಾಗಿ ಮಾಯವಾಗುತ್ತವೆ. ಕೆಲವು ಹೋಗುವುದಿಲ್ಲ, ಒಳಗೊಳಗೇ ಬಣ್ಣ ಬದಲಿಸಿ ಕ್ಯಾನ್ಸರಿಗೆ ದಾರಿ ಮಾಡುತ್ತವೆ. ಯಾವುದು ಯಾವ ಜಾತಿಯದು ಎಂದು ಮೊದಲ ದಿನವೇ ಹೇಳಲು ಬರುವುದಿಲ್ಲ. ಬೇರೆ ರೋಗಿಗಳಿಗೆ ಇದನ್ನು ನೀರು ಕುಡಿದಷ್ಟು ಸರಾಗವಾಗಿ ಹೇಳುತ್ತಿದ್ದವಳು, ಕಾಕಾನ ಮುಂದೆ ತಡವರಿಸಿದೆ. ತಂಬಾಕು ಬಿಡು ಅಂದೆ. ಅವನು ಹೂಂ ಅಂದ, ಹಲ್ಲು ಕೀಳಿಸಿಕೊಂಡು ಹೋದ.

ನನಗೆ ಕಲಿಸಿದ ಮೇಡಂ ಒಬ್ಬರು ಧಾರವಾಡದಲ್ಲಿದ್ದಾರೆ. ಅವರಲ್ಲಿಗೆ ಕರೆದುಕೊಂಡು ಹೋದೆ. ಅವಸರ ಬೇಡ, ತಂಬಾಕು ಪೂರಾ ನಿಲ್ಲಲಿ, ಪ್ರತಿ ತಿಂಗಳು ಫೋಟೋ ತೆಗೆ, ಸ್ವಲ್ಪ ಬದಲಾದರೂ ಕರೆದುಕೊಂಡು ಬಾ, ಚೂರು ತೆಗೆದು ಪರೀಕ್ಷೆಗೆ ಕಳಿಸೋಣ ಅಂದರು. ಒಂದು ಮಾತು ಒತ್ತಿ ಹೇಳಿದರು: ಪ್ರತಿ ಸಲವೂ ಅಷ್ಟೇ ದೊಡ್ಡದಾಗಿ, ಅದೇ ಬೆಳಕಿನಲ್ಲಿ ತೆಗೆಯಬೇಕು, ಇಲ್ಲದಿದ್ದರೆ ಬದಲಾದದ್ದು ಮಚ್ಚೆಯೋ ಫೋಟೋವೋ ಗೊತ್ತಾಗುವುದಿಲ್ಲ. ನನ್ನ ಫೋನಿನಲ್ಲಿ ತೆಗೆದದ್ದನ್ನು ತೋರಿಸಿದೆ. ಒಂದರಲ್ಲಿ ಮಚ್ಚೆ ಸುಣ್ಣದಷ್ಟು ಬೆಳ್ಳಗಿತ್ತು, ಇನ್ನೊಂದರಲ್ಲಿ ಹಾಲಿನ ಕೆನೆಯ ಹಾಗೆ. ನಡುವೆ ಕಳೆದದ್ದು ಒಂದೇ ನಿಮಿಷ.

ಹಳೆಯದೊಂದು ಕ್ಯಾಮೆರಾ ಕ್ಲಿನಿಕ್ಕಿನಲ್ಲಿತ್ತು. ವಕ್ರ ಹಲ್ಲುಗಳಿಗೆ ತಂತಿ ಹಾಕಿಸಿಕೊಳ್ಳುವವರ ಮುಖ, ನಗು ತೆಗೆಯಲೆಂದು ತಂದಿಟ್ಟದ್ದು. ಅದರ ಜೊತೆ ಬಂದ ಲೆನ್ಸಿಗೆ ಬಾಯಿಯ ಒಳಗೆ ಇಣುಕುವ ಯೋಗ್ಯತೆ ಇರಲಿಲ್ಲ. ಕೊಪ್ಪೀಕರ ರಸ್ತೆಯ ಹಿಂದಿನ ಓಣಿಯಲ್ಲಿ ಮದುವೆ ಫೋಟೋ ತೆಗೆಯುವವರಿಗೆ ಲೆನ್ಸುಗಳನ್ನು ಬಾಡಿಗೆಗೆ ಕೊಡುವ, ಮಾರುವ ಒಂದು ಅಂಗಡಿ ಇದೆ. ಮಾಲೀಕರು ಮೆತ್ತಗಿನ ಮಾತಿನ ಮನುಷ್ಯ. ನಾನು ಕೇಳುವ ಮೊದಲೇ ಅವರೇ ಕೇಳಿದರು.

"ಮುಖಾ ತಗೀತೀರೋ, ಹುಳಾ ತಗೀತೀರೋ ಮೇಡಂ?"

ಮುಖಕ್ಕೆ ಬೇರೆ ಲೆನ್ಸು, ಹತ್ತಿರದಿಂದ ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಮ್ಯಾಕ್ರೋ ಬೇರೆ. ಮ್ಯಾಕ್ರೋ ಕೇಳಿಕೊಂಡು ಬರುವವರೆಲ್ಲ ಧಾರವಾಡದ ಕಡೆ ಗಿಡಗಂಟಿಗಳಲ್ಲಿ ಕೀಟ ಹುಡುಕುವವರಂತೆ. ನಾನು ಬಾಯಿ ತೆಗೆಯುತ್ತೇನೆ ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಡಾಕ್ಟರು ಎಂದು ಗೊತ್ತಾಗಿ ಇಬ್ಬರೂ ನಕ್ಕೆವು. ಎರಡಕ್ಕೂ ಒಂದೇ ಲೆನ್ಸು ಬೇಕು, ಬಾಯಿಗೂ ಮುಖಕ್ಕೂ ಎಂದಾಗ ಅವರು ತಲೆ ಕೆರೆದುಕೊಂಡರು.

ಅಲ್ಲಿಂದ ಶುರುವಾಯಿತು ನನ್ನ ಪರದಾಟ. ಮೊದಲು ಸಣ್ಣ ಮ್ಯಾಕ್ರೋ ತಂದೆ, ಅರವತ್ತರದು. ಲೆನ್ಸಿಗೆ ಒಂದೊಂದು ಅಂಕಿ ಇರುತ್ತದೆ. ಅಂಕಿ ಸಣ್ಣದಾದಷ್ಟೂ ನಾವು ಹತ್ತಿರ ಹೋಗಬೇಕು, ದೊಡ್ಡದಾದಷ್ಟೂ ದೂರ ನಿಲ್ಲಬಹುದು. ಅರವತ್ತನ್ನು ಹಿಡಿದು ಕಾಕಾನ ಬಾಯಿಗೆ ಹೋದರೆ ಅದರ ಮೂತಿ ಅವನ ಮೂಗಿಗೆ ತಾಗುವಷ್ಟು ಹತ್ತಿರ. ಅವನ ಉಸಿರಿಗೆ ಗಾಜು ಮಬ್ಬಾಗುತ್ತಿತ್ತು, ಫ್ಲ್ಯಾಶಿನ ಬೆಳಕಿಗೆ ಲೆನ್ಸೇ ಅಡ್ಡ ಬಂದು ಕೆನ್ನೆಯ ಮೇಲೆ ನೆರಳು. ವಾಪಸು ಕೊಟ್ಟು ಎಂಬತ್ತೈದು ತಂದೆ. ಮದುವಣಗಿತ್ತಿಯರಿಗೆ ಅದೇ ಹಾಕುತ್ತಾರೆ, ಮುಖ ಬೆಣ್ಣೆಯಾಗಿ ಬರುತ್ತದೆ. ತಂತಿ ತೆಗೆಸಿಕೊಂಡ ಒಬ್ಬ ಹುಡುಗಿಗೆ ತೆಗೆದುಕೊಟ್ಟೆ, ಅವಳ ತಾಯಿ ಅದನ್ನು ವರನ ಕಡೆಯವರಿಗೆ ಕಳಿಸಲು ಇಸಿದುಕೊಂಡು ಹೋದಳು. ಆದರೆ ಒಂದು ಗಜ ದೂರಕ್ಕಿಂತ ಹತ್ತಿರ ಹೋದರೆ ಆ ಲೆನ್ಸಿಗೆ ಕಣ್ಣೇ ಕಾಣುವುದಿಲ್ಲ. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಒಂದು ಟೊಳ್ಳು ಬಳೆ ಸಿಕ್ಕಿಸಿದರೆ ಹತ್ತಿರ ಕಾಣುತ್ತದೆ ಅಂದರು. ಸಿಕ್ಕಿಸಿದೆ. ಬಾಯಿಗೆ ಸಿಕ್ಕಿಸು, ಮುಖಕ್ಕೆ ಬಿಚ್ಚು, ಮತ್ತೆ ಸಿಕ್ಕಿಸು. ಒಂದು ದಿನ ಸಿಟ್ಟು ಬಂದು ಬಳೆಯನ್ನು ಡ್ರಾಯರಿಗೆ ಎಸೆದೆ.

ಕೊನೆಗೆ ಉಳಿದದ್ದು ನೂರರ ಮ್ಯಾಕ್ರೋ. ಒಂದೂವರೆ ಗೇಣು ದೂರ ನಿಂತು ಬಾಯಿಯ ಒಳಗಿನದನ್ನು ಹಿಡಿಯಬಹುದು, ಫ್ಲ್ಯಾಶಿಗೆ ಜಾಗ ಇರುತ್ತದೆ, ಉಸಿರು ತಾಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಅದರ ಮೈಮೇಲೆ ಗೆರೆಗಳಿದ್ದವು. ಫೋಕಸ್ಸನ್ನು ಒಂದು ಗೆರೆಗೆ ತಂದು ನಿಲ್ಲಿಸಿ, ಆಮೇಲೆ ಅದನ್ನು ಮುಟ್ಟದೆ ನಾವೇ ಮುಂದೆ ಹಿಂದೆ ಸರಿದು ಚಿತ್ರ ಸ್ಪಷ್ಟ ಮಾಡಿಕೊಂಡರೆ, ಪ್ರತಿ ಸಲವೂ ಮಚ್ಚೆ ಒಂದೇ ಅಳತೆಯಲ್ಲಿ ಬರುತ್ತದೆ. ಮೇಡಂ ಕೇಳಿದ್ದು ಇದೇ. ಅಂಗಡಿಯವರು ಮಾತ್ರ ಒಪ್ಪಲಿಲ್ಲ. ಬಾಯಿಗೆ ಅಡ್ಡಿಯಿಲ್ಲ, ಮುಖಕ್ಕೆ ಇದನ್ನು ಹಚ್ಚಬೇಡಿ, ಚರ್ಮದ ಒಂದೊಂದು ತೂತೂ ಎಣಿಸಿಕೊಡುತ್ತದೆ, ಗಿರಾಕಿಗಳು ನಿಮ್ಮನ್ನು ಬೈಯುತ್ತಾರೆ ಅಂದರು. ಅವರು ಹೇಳಿದ್ದಕ್ಕೆ ನನ್ನ ನಿದ್ದೆ ಹೋಯಿತು. ಮತ್ತೆ ಗಡ್ಡದವನ ಮುಂದೆ ಕೂತೆ.

ಈಗ ಅನ್ನಿಸುತ್ತದೆ, ಲೆನ್ಸು ಸರಿಯಿಲ್ಲ ಎಂದು ಹೇಳಿಕೊಳ್ಳುತ್ತಿದ್ದಷ್ಟು ದಿನ ಮಚ್ಚೆಯ ಬಗ್ಗೆ ಏನೂ ಹೇಳಬೇಕಾಗಿರಲಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಅವ್ವನೇ ಬೇಸತ್ತು, ಏನಾದರೂ ಒಂದು ತಗೊಂಡು ಸುಮ್ಮನೆ ಕೂಡು ಎಂದಳು. ನೂರನ್ನು ಕೊಂಡೆ.

ಆಮೇಲೆ ತಿಂಗಳಿಗೊಮ್ಮೆ ಯಾರ್ಡಿಗೆ ರಜೆ ಇರುವ ದಿನ ಕಾಕಾ ಕ್ಲಿನಿಕ್ಕಿಗೆ ಬರುತ್ತಿದ್ದ. ಬಾಯಿಯೊಳಗೆ ಹಿಡಿಯುವ ಸಣ್ಣ ಕನ್ನಡಿಯನ್ನು ಬಿಸಿನೀರಲ್ಲಿ ಅದ್ದಿ ಇಟ್ಟುಕೊಂಡಿರುತ್ತಿದ್ದೆ, ಮಬ್ಬಾಗದಿರಲಿ ಎಂದು. ನನ್ನ ಕೈಕೆಳಗಿನ ಹೆಂಗಸು ಪ್ಲಾಸ್ಟಿಕ್ ಕೊಕ್ಕೆಯಿಂದ ಅವನ ಬಲಗೆನ್ನೆ ಎಳೆದು ಹಿಡಿಯುತ್ತಿದ್ದಳು. ನಾನು ಉಸಿರು ಬಿಗಿಹಿಡಿದು, ತುಸು ಮುಂದೆ, ತುಸು ಹಿಂದೆ, ಒತ್ತುತ್ತಿದ್ದೆ. ಇಷ್ಟು ದೊಡ್ಡ ಯಂತ್ರ ಹಿಡಿದು ತನ್ನ ಬಾಯಿಯಲ್ಲಿ ಏನು ಹುಡುಕುತ್ತಾಳೋ ಎಂದು ಅವನಿಗೆ ನಗು. ನಕ್ಕರೆ ಚಿತ್ರ ಅಲುಗುತ್ತಿತ್ತು, ನಾನು ಬೈಯುತ್ತಿದ್ದೆ.

ಮೊದಲ ತಿಂಗಳಿಗೂ ಎರಡನೆಯದಕ್ಕೂ ವ್ಯತ್ಯಾಸ ಕಾಣಲಿಲ್ಲ. ಮೂರನೆಯದರಲ್ಲಿ ಅಂಚು ತೆಳುವಾಗಿತ್ತು. ಅದರ ಮುಂದಿನದರಲ್ಲಿ ಮಚ್ಚೆಯ ನಡುವೆ ಕೆನ್ನೆಯ ಸಹಜ ಗುಲಾಬಿ ಬಣ್ಣ ಇಣುಕಿತು. ಚಿತ್ರಗಳನ್ನು ಒಂದರ ಪಕ್ಕ ಒಂದು ಇಟ್ಟು ಎಷ್ಟು ಸಲ ನೋಡಿದೆನೋ. ಮೇಡಂಗೆ ಕಳಿಸಿದೆ, ಅವರೂ ಒಳ್ಳೆಯದಾಯಿತು ಅಂದರು. ತಂಬಾಕು ಬಿಟ್ಟೆಯಲ್ಲ ಎಂದು ಕಾಕಾನನ್ನು ಅವ್ವನ ಎದುರು ಹೊಗಳಿದೆ. ಅವನು ತಲೆಯಾಡಿಸಿ ಹೊರಗೆ ಎದ್ದು ಹೋದ. ಸಂಕೋಚ ಇರಬೇಕು ಅಂದುಕೊಂಡೆ. ನನ್ನ ಕಣ್ಣಿಗೆ ಆಗ ಕಾಣುತ್ತಿದ್ದದ್ದು ಬಲಗೆನ್ನೆ ಒಂದೇ. ಬೇರೆ ಯಾವ ರೋಗಿ ಬಂದರೂ ಪೂರ್ತಿ ಬಾಯಿ ನೋಡದೆ ಬಿಡುವವಳಲ್ಲ. ಹೊಸ ಲೆನ್ಸು, ಮಾಯವಾಗುತ್ತಿದ್ದ ಮಚ್ಚೆ ಎರಡೂ ಸೇರಿ ನನ್ನನ್ನು ಆ ಬೇಳೆಯಷ್ಟು ಜಾಗಕ್ಕೆ ಕಟ್ಟಿ ಹಾಕಿದ್ದವು.

ದಸರೆಗೆ ಮುಂಚಿನ ಒಂದು ಭಾನುವಾರ ಬೆಳಿಗ್ಗೆ, ಅಂಗಡಿಯವರ ಮಾತು ಸುಳ್ಳು ಮಾಡಬೇಕೆಂಬ ಹಟ ಬಂತು. ನೂರರಲ್ಲಿ ಮುಖ ತೆಗೆದು ತೋರಿಸುತ್ತೇನೆ ಎಂದುಕೊಂಡೆ. ಅವ್ವನಿಗೂ ಕಾಕಾನ ಒಂದು ಒಳ್ಳೆ ಫೋಟೋ ಇಲ್ಲವೆಂಬ ಕೊರಗು ಇತ್ತು. ಮದುವೆಯಾಗದವನ ಫೋಟೋ ಯಾರು ತೆಗೆಯುತ್ತಾರೆ? ಇದ್ದದ್ದು ಆಧಾರ್ ಕಾರ್ಡಿನಲ್ಲಿ, ಅದರಲ್ಲಿ ಅವನು ಯಾರದೋ ಜೇಬು ಕತ್ತರಿಸಿ ಸಿಕ್ಕಿಬಿದ್ದವನ ಹಾಗೆ ಕಾಣುತ್ತಾನೆ. ಅವನನ್ನು ನಮ್ಮ ಮನೆಯ ಕಟ್ಟೆಯ ಮೇಲೆ ಕೂರಿಸಿದೆ. ನೂರಕ್ಕೆ ದೂರ ಬೇಕಲ್ಲ, ನಾನು ಓಣಿ ದಾಟಿ ಎದುರುಮನೆಯವರ ಕಟ್ಟೆ ಏರಿ ನಿಂತೆ. ನಮ್ಮ ಓಣಿಯ ಅಗಲ ಆ ಲೆನ್ಸಿಗೆ ಹೇಳಿ ಮಾಡಿಸಿದಂತಿತ್ತು. ಆದರೆ ನಡುವೆ ಬೈಕು, ತಳ್ಳುಗಾಡಿ, ಆಡು. ಒಂದೊಂದಕ್ಕೂ ಕಾಯುತ್ತ ನನ್ನ ಜೀವ ಹಿಂಡಿಹೋಯಿತು. ಕಾಕಾ ಮಾತ್ರ ಬಿಳಿ ಅಂಗಿ ಹಾಕಿಕೊಂಡು, ತುಟಿ ಬಿಗಿದು, ಕಲ್ಲಿನ ಹಾಗೆ ಕೂತಿದ್ದ.

ತೆಗೆದದ್ದನ್ನು ಕ್ಯಾಮೆರಾದ ಪರದೆಯಲ್ಲಿ ದೊಡ್ಡದು ಮಾಡಿ ನೋಡಿದೆ. ಕಣ್ಣು ಅಷ್ಟು ಚೆನ್ನಾಗಿ ಬಂದಿತ್ತು, ನನಗೇ ಹೆಮ್ಮೆಯಾಯಿತು. ಕೆಳಗೆ ಸರಿಸಿದೆ. ತುಟಿಯ ಎಡ ತುದಿಯಲ್ಲಿ ಒಂದು ಬಿಳಿ ಚುಕ್ಕೆ. ಲೆನ್ಸಿನ ಮೇಲೆ ಧೂಳು ಕೂತಿದೆ ಎಂದುಕೊಂಡೆ. ಸೆರಗಿನಿಂದ ಒರೆಸಿ ಇನ್ನೊಂದು ತೆಗೆದೆ. ಚುಕ್ಕೆ ಅಲ್ಲೇ ಇತ್ತು. ಹೊಸ ಲೆನ್ಸಿನಲ್ಲೇ ದೋಷ, ನಾಳೆಯೇ ಅಂಗಡಿಗೆ ಹೋಗಿ ಜಗಳ ಮಾಡಬೇಕು ಎಂದು ಸಿಟ್ಟು ನೆತ್ತಿಗೇರಿತು. ಅವನಿಗೆ ಮುಖ ಸ್ವಲ್ಪ ತಿರುಗಿಸಲು ಹೇಳಿ ಮತ್ತೆ ತೆಗೆದೆ. ಮುಖದ ಜೊತೆ ಚುಕ್ಕೆಯೂ ತಿರುಗಿತ್ತು. ಇನ್ನಷ್ಟು ದೊಡ್ಡದು ಮಾಡಿದೆ. ಸುಣ್ಣ. ಅದರ ಕೆಳಗೆ ಕೂದಲೆಳೆಯಷ್ಟು ಕಂದು ಗೆರೆ. ಎಡಗೆನ್ನೆ ಬಲಕ್ಕಿಂತ ತುಸು ಉಬ್ಬಿತ್ತು. ಎಂಬತ್ತೈದರ ಬೆಣ್ಣೆ ಲೆನ್ಸು ಇದನ್ನೆಲ್ಲ ನುಣ್ಣಗೆ ಮಾಡಿ ಮುಚ್ಚಿಬಿಡುತ್ತಿತ್ತು.

ಓಣಿ ಹೇಗೆ ದಾಟಿದೆನೋ. ಅವನ ಮುಂದೆ ನಿಂತು ಬಾಯಿ ತೆಗೆ ಅಂದೆ. ಇವತ್ತು ಮುಖದ್ದು ಮಾತ್ರ ಅಲ್ಲವೇ ಎಂದ, ಬಾಯಿ ತೆರೆಯದೆಯೇ. ಬಾಯಿ ತೆರೆಯಬೇಕಾಗಿಲ್ಲದ ಫೋಟೋ ಎಂದು ಬೆಳಗಿನ ತಂಬಾಕನ್ನು ಹಾಗೇ ಇಟ್ಟುಕೊಂಡು ಬಂದು ಕೂತಿದ್ದ. ನಾನು ಬಾಯಿಗೆ ಬಂದಂತೆ ಬೈದೆ. ಓಣಿಯವರು ನೋಡುತ್ತಿದ್ದಾರೆಂಬ ಪರಿವೆಯೂ ಇರಲಿಲ್ಲ. ಆರು ತಿಂಗಳಿಂದ ಸುಳ್ಳು ಹೇಳಿದೆ, ನಾನೇನು ಹುಚ್ಚಿಯೇ ಅಂದೆ. ಅವ್ವ ಬಂದು ಇಬ್ಬರನ್ನೂ ಒಳಗೆ ಎಳೆದುಕೊಂಡು ಹೋದಳು. ಕಾಕಾ ಹಿತ್ತಲಿಗೆ ಹೋಗಿ ಉಗುಳಿ, ಬಾಯಿ ಮುಕ್ಕಳಿಸಿ ಬಂದು ಕೂತ. ಅವನಿಗೆ ನನ್ನ ಸಿಟ್ಟು ಅರ್ಥವೇ ಆಗಿರಲಿಲ್ಲ.

"ಎತ್ತಿನ ಹೆಗಲ ಹುಣ್ಣಾದ್ರ ಏನ್ ಮಾಡತಾರು ಅವ್ವಿ? ಎಡಕ್ಕ ಹೂಡೋ ಎತ್ತನ್ನ ಬಲಕ್ಕ ಹೂಡತಾರು. ಹುಣ್ಣಿಗೆ ಆರಾಕ ವ್ಯಾಳೆ ಸಿಗತೈತಿ, ಕೆಲಸಾನೂ ನಿಲ್ಲಂಗಿಲ್ಲ. ನೀ ಆ ಕಡೀದ ಕೆಟ್ಟೈತಿ ಅಂದಿ, ಅದಕ್ಕ ಆ ಕಡಿ ಬಿಟ್ಟು ಈ ಕಡಿ ಇಟಗೊಂಡೆ. ಆರೇತಿಲ್ಲೋ ಮತ್ತ? ನೀನ ಫೋಟೋ ತೋರಿಸಿದಿ."

ಅವನ ಮಟ್ಟಿಗೆ ಅವನು ಹೇಳಿದಂತೆ ಕೇಳಿದ್ದ. ಪ್ರತಿ ತಿಂಗಳು ನಾನು ಬಲಗೆನ್ನೆಯನ್ನು ಅಷ್ಟು ಆಸ್ಥೆಯಿಂದ ತೆಗೆಯುವುದನ್ನು ನೋಡಿ, ಆ ಕಡೆಗೆ ಒಂದು ಚೂರೂ ತಾಗದಂತೆ ಕಾಪಾಡಿಕೊಂಡಿದ್ದ. ಡಾಕ್ಟರು ಪೂರ್ತಿ ಬಿಡು ಅನ್ನುವುದೆಲ್ಲ ರೂಢಿಯ ಮಾತು, ಹೊಲಕ್ಕೆ ಹತ್ತು ಗಾಡಿ ಗೊಬ್ಬರ ಹಾಕು ಅಂದರೆ ಐದು ಹಾಕುವುದಿಲ್ಲವೇ ಹಾಗೆ, ಎಂದು ತಿಳಿದಿದ್ದ. ಎಷ್ಟು ಸಲ ಹೂಂ ಅಂದಿದ್ದನಲ್ಲ, ಒಂದು ಸಲವೂ ನಾನು ಎರಡು ಕಡೆಯೂ ಬಿಟ್ಟೆಯಾ ಎಂದು ಕೇಳಿರಲಿಲ್ಲ.

ಎಡಗೆನ್ನೆ ನೋಡಬೇಕಿತ್ತು. ಕ್ಲಿನಿಕ್ಕಿಗೆ ಹೋಗುವಷ್ಟು ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ. ಹಿತ್ತಲಲ್ಲಿ ನೀರಿನ ತೊಟ್ಟಿಯ ಪಕ್ಕ ಬಿಸಿಲಿಗೆ ಅವನನ್ನು ಸ್ಟೂಲಿನ ಮೇಲೆ ಕೂರಿಸಿದೆ. ಲೆನ್ಸಿನ ಗೆರೆ ಸರಿಮಾಡಿಕೊಂಡೆ. ಮುಂದೆ ಬಾಗಿದೆ. ಕ್ಯಾಮೆರಾದ ಕಿಂಡಿಯಲ್ಲಿ ಎಲ್ಲವೂ ತೇಲುತ್ತಿತ್ತು, ಹಲ್ಲು, ನಾಲಿಗೆ, ಬೆಳಕು, ಯಾವುದೂ ಒಂದು ಕಡೆ ನಿಲ್ಲದು. ಹತ್ತಿರದ ಫೋಟೋದಲ್ಲಿ ಕೈ ಕೂದಲೆಳೆಯಷ್ಟು ಅಲುಗಿದರೂ ಎಲ್ಲ ಮಸುಕು. ಬಾಯಿಯ ಕೆಲಸದಲ್ಲಿ ಎಂದೂ ನಡುಗದ ನನ್ನ ಕೈ ಆ ದಿನ ನಡುಗಿತು. ಕಾಕಾ ತನ್ನ ಬೆರಳನ್ನೇ ಕೊಕ್ಕೆ ಮಾಡಿ ಎಡಗೆನ್ನೆ ಎಳೆದು ಹಿಡಿದಿದ್ದ. ಬೆರಳು ತೆಗೆದು ಹೇಳಿದ.

"ನನ್ನ ಬಾಯಿ ನಾ ಹಿಡದೇನಿ. ನಿನ್ನ ಕೈ ನೀ ಹಿಡಕೋ."

ಮತ್ತೆ ಬೆರಳು ಹಾಕಿ ಎಳೆದು ಕೂತ. ಮೊಣಕೈಗಳನ್ನು ಅವನ ಮೊಣಕಾಲ ಮೇಲೆ ಊರಿ ತೆಗೆದೆ. ಚಿತ್ರ ಬಂತು. ಎಡಗೆನ್ನೆಯಲ್ಲಿ ಮಚ್ಚೆ ಇತ್ತು, ಬಲಗಡೆಯದಕ್ಕಿಂತ ದೊಡ್ಡದು. ಅದು ಬರೀ ಬಿಳಿಯಾಗಿರಲಿಲ್ಲ. ನಡುನಡುವೆ ಕುಂಕುಮ ಚೆಲ್ಲಿದ ಹಾಗೆ ಕೆಂಪು. ಕೆಂಪು ಅಂದರೆ ಏನೆಂದು ನನಗೆ ಗೊತ್ತಿತ್ತು. ಅವ್ವ ನನ್ನ ಮುಖ ನೋಡಿಯೇ ಅಳಲು ಶುರು ಮಾಡಿದಳು.

ಮರುದಿನವೇ ಮೇಡಂ ಚೂರು ತೆಗೆದು ಕಳಿಸಿದರು. ವರದಿ ಬರುವವರೆಗಿನ ದಿನಗಳನ್ನು ಹೇಗೆ ಕಳೆದೆನೋ ನನಗೆ ನೆನಪಿಲ್ಲ, ಬಹುಶಃ ನಡೆದೇ ಕಳೆದೆ. ಕಾಕಾ ಒಂದು ದಿನವೂ ತಪ್ಪಿಸದೆ ಯಾರ್ಡಿಗೆ ಹೋಗುತ್ತಿದ್ದ. ಉಳ್ಳಾಗಡ್ಡಿ ಬರುವ ಕಾಲ, ಬಿಡುವಂತಿಲ್ಲ. ತಡೆಯಲಾರದೆ ಒಂದು ಬೆಳಿಗ್ಗೆ ನಾನೂ ಹೋದೆ. ಅಲ್ಲಿ ತಂಬಾಕನ್ನು ಮುಟ್ಟುತ್ತಾನೋ ಇಲ್ಲವೋ ನೋಡಿಯೇ ಬಿಡಬೇಕೆಂದು. ಅಷ್ಟು ವರ್ಷ ಅವನ ದುಡಿಮೆಯಲ್ಲಿ ಓದಿದವಳು, ಅವನು ಸವಾಲು ಕೂಗುವುದನ್ನು ಹತ್ತಿರದಿಂದ ಕಂಡದ್ದು ಅದೇ ಮೊದಲು.

ರಾಶಿಯ ಸುತ್ತ ಕೊಳ್ಳುವವರು ಬಂದು ನಿಂತರು, ಹಮಾಲರು ಚೀಲ ಒದೆದು ದಾರಿ ಮಾಡಿದರು. ಕಾಕಾ ಜೇಬಿನಿಂದ ತಂಬಾಕು ತೆಗೆದು ಅಂಗೈಗೆ ಹಾಕಿದ, ಸುಣ್ಣ ಹಚ್ಚಿದ, ಹೆಬ್ಬೆರಳಿನಿಂದ ನಿಧಾನವಾಗಿ ತಿಕ್ಕಿದ, ಮೇಲೆ ಎರಡು ಸಲ ತಟ್ಟಿ ಪುಡಿ ಹಾರಿಸಿದ. ಆಮೇಲೆ ಅಂಗೈಯನ್ನು ಸುತ್ತ ನಿಂತವರ ಮುಂದೆ ಚಾಚಿದ. ಒಬ್ಬೊಬ್ಬರಾಗಿ ಚಿಟಿಕೆ ತೆಗೆದುಕೊಂಡರು, ಕೊಳ್ಳುವವ, ಹಮಾಲ, ತೂಕದವ ಎನ್ನದೆ. ಕೊನೆಗೆ ಉಳಿದದ್ದನ್ನು ಅವನು ಕೆಳಗೆ ಕೊಡವಿದ. ನಂತರ ಸವಾಲು ಶುರುವಾಯಿತು. ಆಮೇಲೆ ಕೇಳಿದಾಗ ಹೇಳಿದ: ಕೂಗುವವನು ಅಂಗೈ ಚಾಚದಿದ್ದರೆ ಯಾರದೋ ಮೇಲೆ ಸಿಟ್ಟಿದ್ದಾನೆ, ಇಲ್ಲವೇ ಯಾರ ಕಡೆಗೋ ವಾಲಿದ್ದಾನೆ ಎಂದು ತಿಳಿಯುತ್ತಾರೆ. ಅವನ ಹದ ಯಾರಿಗೂ ಬರುವುದಿಲ್ಲ, ಬೇರೆ ಅಂಗಡಿಯವರೂ ಅವನ ಅಂಗೈಗೆ ಬರುತ್ತಾರೆ. ಹೇಳುವಾಗ ದನಿಯಲ್ಲಿ ಸಣ್ಣ ಜಂಬವೂ ಇತ್ತು. ಹೀಗಿದ್ದ ಮೇಲೆ ಇವನು ಹೇಗೆ ಬಿಟ್ಟಾನು ಎಂದು ನನಗೆ ಆಗ ತಿಳಿಯಿತು. ಆದರೂ ಅವತ್ತು ಅವನು ತನ್ನ ಬಾಯಿಗೆ ಹಾಕಿಕೊಳ್ಳಲಿಲ್ಲ, ಅದನ್ನು ನನ್ನ ಕಣ್ಣಾರೆ ನೋಡಿದೆ.

ವರದಿ ಬಂತು. ಕ್ಯಾನ್ಸರ್ ಆಗಿರಲಿಲ್ಲ, ಆದರೆ ಹೊಸ್ತಿಲಿಗೆ ಬಂದು ನಿಂತಿತ್ತು. ಇಷ್ಟು ಬೇಗ ಇಷ್ಟು ಕೆಡಬಾರದಿತ್ತು, ಬೀಜ ಮೊದಲೇ ಇತ್ತೋ ಏನೋ ಎಂದು ಮೇಡಂ ಹೇಳಿದರು. ದೀಪಾವಳಿ ಆದ ಮೇಲೆ ಆಸ್ಪತ್ರೆಯಲ್ಲಿ ಎಡಗೆನ್ನೆಯ ಒಳಗಿನ ಆ ಭಾಗವನ್ನೆಲ್ಲ ತೆಗೆದರು. ಕಾಕಾ ಉಳಿದ. ಅದು ದೊಡ್ಡದು, ನಾನು ಅದನ್ನು ದಿನಾ ನನಗೇ ಹೇಳಿಕೊಳ್ಳುತ್ತೇನೆ. ಗಾಯ ಮಾಯುತ್ತ ಕೆನ್ನೆ ಬಿಗಿದುಕೊಂಡಿತು, ಬಾಯಿ ಮೊದಲಿನಷ್ಟು ತೆರೆಯುವುದಿಲ್ಲ. ಸವಾಲು ಕೂಗುವುದು ಮುಗಿಯಿತು. ದಲಾಲಿ ಅಂಗಡಿಯವರು ಅವನನ್ನು ತೂಕದ ಹತ್ತಿರ ಕೂರಿಸಿದರು. ಮನೆಯಲ್ಲಿ ಚಹಾ ಕೇಳಿದರೆ ಈಗ ಅಡುಗೆಮನೆಗೇ ಕೇಳಿಸುವುದಿಲ್ಲ, ಅವ್ವ ಹೊತ್ತು ನೋಡಿ ತಾನೇ ತಂದಿಡುತ್ತಾಳೆ. ಆ ಭಾನುವಾರದ ಫೋಟೋ ಅವ್ವನಿಗೆ ಬಹಳ ಸೇರಿತು. ಬೇಡವೆಂದರೂ ಕಟ್ಟು ಹಾಕಿಸಿ ಗೋಡೆಗೆ ಹಾಕಿದಳು. ನಾನು ಆ ಗೋಡೆಯ ಕಡೆ ಹೆಚ್ಚು ನೋಡುವುದಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಕ್ಲಿನಿಕ್ಕಿನ ಎದುರು ಸಾಮಾನು ಸಾಗಿಸುವ ಟಂಟಂ ಬಂದು ನಿಂತಿತು. ಮುಂದಿನಿಂದ ಕಾಕಾ ಇಳಿದ. ಹಿಂದಿನಿಂದ ನಾಲ್ಕೈದು ಜನ, ಇಬ್ಬರು ವ್ಯಾಪಾರಿಗಳು, ಉಳಿದವರು ಹೆಗಲ ಮೇಲೆ ಟವೆಲ್ಲು ಹೊತ್ತ ಹಮಾಲರು. ಚಪ್ಪಲಿ ಹೊರಗೆ ಬಿಟ್ಟು, ಸಾಲಾಗಿ ಗೋಡೆಗೆ ಒರಗಿ ನಿಂತರು. ಯಾರಿಗೂ ಹಲ್ಲುನೋವಿದ್ದಂತೆ ಕಾಣಲಿಲ್ಲ. ಕಾಕಾ ನನ್ನ ಹತ್ತಿರ ಬಂದ. ಮಾತಾಡುವಾಗ ಈಗ ಅವನು ಬಿಗಿದ ಕೆನ್ನೆಯನ್ನು ಕೈಯಿಂದ ಹಿಡಿದುಕೊಳ್ಳುತ್ತಾನೆ.

"ಇವರದೂ ತಗಿ. ಎರಡೂ ಕಡಿ ತಗಿ. ನನ್ನ ಅಂಗೈಯಾಗಿಂದ ತಿಂದವರು ಇವರು."

ಕನ್ನಡಿಯನ್ನು ಬಿಸಿನೀರಿಗೆ ಹಾಕಲು ಹೇಳಿ ಒಳಗೆ ಹೋದೆ. ಮೊದಲನೆಯವರು ಕಾಕಾನಿಗಿಂತ ಹಿರಿಯ ವ್ಯಾಪಾರಿ. ಬಲಗಡೆ ತೆಗೆದೆ, ಎಡಗಡೆ ತೆಗೆದೆ, ತುಟಿ ಮಡಚಿ ನೋಡಿದೆ, ನಾಲಿಗೆ ಎತ್ತಿಸಿದೆ. ಏನೂ ಇರಲಿಲ್ಲ. ಅವರನ್ನು ಕಳಿಸಲು ಬಾಗಿಲಿಗೆ ಬಂದಾಗ ಕಾಕಾ ಎದುರಿನ ಬೆಂಚಿನ ಮೇಲೆ ಕೂತಿದ್ದ. ಹೊರಬಂದವರ ಕಡೆ ಅವನ ಲಕ್ಷ್ಯವಿರಲಿಲ್ಲ, ರಾಶಿಯ ಮುಂದೆ ನಿಂತು ಕೊಳ್ಳುವವರ ಹುಬ್ಬು ನೋಡುತ್ತಿದ್ದ ಅದೇ ಕಣ್ಣಿನಿಂದ ನನ್ನ ಮುಖ ನೋಡುತ್ತಿದ್ದ. ನಾನು ನಕ್ಕು ತಲೆಯಾಡಿಸಿದೆ. ಅವನು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಎರಡನೆಯವರು ನನ್ನ ವಯಸ್ಸಿನ ಹಮಾಲರು. ಎರಡೂ ಕಡೆಯ ಫೋಟೋ ತೆಗೆದೆ. ಎಡಗಡೆಯದನ್ನು ಇನ್ನೊಮ್ಮೆ ತೆಗೆದೆ. ಅವರನ್ನು ಕಳಿಸಲು ಬಾಗಿಲಿಗೆ ಬಂದಾಗ ಕ್ಯಾಮೆರಾ ಕೈಯಲ್ಲೇ ಇತ್ತು, ಬೆಂಚಿನ ಕಡೆ ನೋಡದೆ, ಪರದೆಯಲ್ಲಿ ಏನೋ ನೋಡುವವಳ ಹಾಗೆ ತಲೆ ತಗ್ಗಿಸಿಕೊಂಡು, ಮುಂದಿನವರು ಬರ್ರಿ ಅಂದೆ.